ಉಣ್ಣೆ ಕೋಣೆಯ ಕೋಟು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹೊಸ್ತಿಲಲ್ಲಿ ನಿಂತು ಕತ್ತೆತ್ತಿದರೂ ಬಾಗಿಲ ಮೇಲಿನ ಬೋರ್ಡು ಕಾಣುತ್ತಿರಲಿಲ್ಲ. ಎದುರು ಮನೆಯ ಬೆಕ್ಕು ಬೀದಿ ದಾಟಲು ಹೊರಟು, ನಡುವೆ ಎಲ್ಲಿಗೆ ಹೊರಟಿದ್ದೆನೆಂಬುದನ್ನೇ ಮರೆತ ಹಾಗೆ ಕೂತುಬಿಟ್ಟಿತ್ತು. ಮೆಟ್ಟಿಲು ಗುಡಿಸುತ್ತಿದ್ದ ದರ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿ ಆ ಬಿಳುಪನ್ನೇ ನೋಡುತ್ತ ನಿಂತ. ಮೇಲಿನವನು ಊರಿನ ಮೇಲೆ ಬಿಳಿ ಬಟ್ಟೆಯ ಇಡೀ ಥಾನು ಬಿಚ್ಚಿ ಹರಡಿದ್ದಾನೆ, ಇನ್ನು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದೊಂದು ಬಾಕಿ ಎಂದುಕೊಂಡ. ಕೈಗಳು ತಾವಾಗಿಯೇ ಕೂಡಿಕೊಂಡವು. ಬಟ್ಟೆಗೆ ಕತ್ತರಿ ಇಡುವ ಮುಂಚೆ ಕಣ್ಣು ಮುಚ್ಚಿ ಒಂದು ಉಸಿರಿನಷ್ಟು ಪ್ರಾರ್ಥಿಸುವುದು ಅವನ ಅಭ್ಯಾಸ. ಅಂಗಡಿ ಮುಚ್ಚಿ ವರ್ಷವಾಗುತ್ತ ಬಂದರೂ ಅಭ್ಯಾಸ ಮಾತ್ರ ಮುಚ್ಚಿರಲಿಲ್ಲ.

"ರೀ, ಮಂಜಿಗೆ ಕೈ ಮುಗೀತಿದ್ದೀರೋ, ಬೆಕ್ಕಿಗೋ?" ಒಳಗಿನಿಂದ ಹೆಂಡತಿ ಕೇಳಿದಳು.

"ಇಬ್ಬರಿಗೂ. ಯಾರು ವರ ಕೊಟ್ರೂ ನಾನು ಬೇಡ ಅನ್ನಲ್ಲ."

"ಹಾಗಾದ್ರೆ ಇವತ್ತು ಬರೋರಿಗೆ ನಮ್ಮ ಬಾಗಿಲು ಕಾಣ್ಲಿ ಅಂತ ಕೇಳ್ಕೊಳ್ಳಿ. ಬೆಕ್ಕಿನ ಹಾಗೆ ನಡುಬೀದೀಲಿ ಕೂತುಬಿಟ್ಟಾರು."

ಆ ಮನೆ ಆರು ಕೋಣೆಗಳದ್ದು. ರೈಲು ನಿಲ್ದಾಣದಿಂದ ಮೇಲೇರುವ ಬೀದಿಯ ಕೊನೆಯಲ್ಲಿ, ಎರಡು ದೊಡ್ಡ ಕಟ್ಟಡಗಳ ನಡುವೆ, ಜನಜಂಗುಳಿಯಲ್ಲಿ ಅಡ್ಡಲಾಗಿ ತಿರುಗಿ ನಿಂತ ಸಣಕಲನ ಹಾಗೆ ಇತ್ತು. ದರ್ಜಿ ಆ ಮನೆಯ ಪರದೆಗಳನ್ನು ಎಷ್ಟೋ ವರ್ಷ ಹೊಲಿದುಕೊಟ್ಟಿದ್ದ. ಸಿದ್ಧ ಉಡುಪುಗಳ ಕಾಲ ಬಂದು ಅವನ ಮಷೀನು ಮೌನವಾದಾಗ, ಅತಿಥಿಗಳನ್ನು ಇಟ್ಟುಕೊಂಡು ಮನೆ ನಡೆಸುತ್ತಿದ್ದ ಮುದುಕಿ ಅವನನ್ನು ಕರೆಸಿ, "ಈ ಮನೇಲಿ ಒಂದೊಂದು ಕಿಟಕಿಯ ಅಳತೆಯೂ ನಿನಗೆ ಬಾಯಿಪಾಠ. ಇನ್ನು ಯಾರೋ ಗೊತ್ತಿಲ್ಲದೋರ ಕೈಗೆ ಯಾಕೆ ಕೊಡ್ಲಿ?" ಎಂದಳು. ಅಂಗಡಿ, ಅದರ ಹಿಂದಿನ ಎರಡು ಕೋಣೆ, ಹೆಂಡತಿ ಇಷ್ಟಪಟ್ಟು ಕಟ್ಟಿಸಿದ್ದ ಅಡುಗೆಮನೆ, ಎಲ್ಲವನ್ನೂ ಮಾರಿ, ಮುದುಕಿಯಿಂದ ಮನೆ ಕೊಂಡು ಅವರು ಇಲ್ಲಿಗೆ ಬಂದರು. ಹೆಂಡತಿಗೆ ಮನಸ್ಸಿರಲಿಲ್ಲ. "ಕಿಟಕಿ ಅಳತೆ ಗೊತ್ತು ಸರಿ. ಕಿಟಕಿ ಒಳಗೆ ಮಲಗೋರ ಅಳತೆ?" ಎಂದು ಕೇಳಿದ್ದಳು. ಅವನು ನಕ್ಕು ಹಾರಿಸಿಬಿಟ್ಟಿದ್ದ.

ಕೋಣೆಗಳಿಗೆ ಅವನು ಬಟ್ಟೆಗಳ ಹೆಸರಿಟ್ಟ. ಹತ್ತಿ ಕೋಣೆ, ರೇಷ್ಮೆ ಕೋಣೆ, ಮಖಮಲ್ಲು, ಹೀಗೆ. ಬೆಳಗಿನ ಬಿಸಿಲು ಮೊದಲು ಬೀಳುವ ಮೂಲೆಯ ಕೋಣೆ ಉಣ್ಣೆ ಕೋಣೆಯಾಯಿತು. ಹೊದಿಕೆ, ದಿಂಬುಚೀಲ, ಕುರ್ಚಿಯ ಮೆತ್ತೆ ಎಲ್ಲವೂ ಅವನದೇ ಹೊಲಿಗೆ, ಹೆಂಡತಿಯದೇ ಕಾಜ. ನಿಲ್ದಾಣದಲ್ಲಿ ವ್ಯಾನು ಓಡಿಸುವ ಹೆಂಡತಿಯ ತಮ್ಮ, ತಾನೇ ಮುಂದೆ ನಿಂತು 'ಬೊಟಿಕ್ ಹೋಟೆಲ್' ಎಂದು ಬೋರ್ಡು ಬರೆಸಿದ. ಮೊದಲ ವಾರವೇ ಇಬ್ಬರು ಹೆಂಗಸರು ಬಟ್ಟೆಯ ಚೀಲ ಹಿಡಿದು ಬಂದರು. ಹೆಂಡತಿ ಚಹಾ ತರುವಷ್ಟರಲ್ಲಿ ದರ್ಜಿ ಒಬ್ಬಳ ತೋಳಿನ ಅಳತೆ ತೆಗೆದಾಗಿತ್ತು.

"ನೋಡು ಭಾವ," ಎಂದ ಮೈದುನ, ತಲೆ ಕೆರೆದುಕೊಳ್ಳುತ್ತ. "ಹೋಟೆಲ್ ಅಂದ್ರೆ ತಿಂಡಿ ಕೇಳ್ತಾರೆ. ಬೊಟಿಕ್ ಅಂದ್ರೆ ಹೊಲಿಗೆ ಕೇಳ್ತಾರೆ. ಮಲಗೋಕೆ ಜಾಗ ಇದೆಯಾ ಅಂತ ಮಾತ್ರ ಯಾರೂ ಕೇಳಲ್ಲ."

ನಗುವ ಮಾತಾದರೂ ನಿಜವೇ ಆಗಿತ್ತು. ಬೇಸಿಗೆಯಲ್ಲಿ ಅಷ್ಟಿಷ್ಟು ಜನ ಬಂದರು. ಮಂಜಿನ ಕಾಲ ಶುರುವಾದ ಮೇಲೆ ಕೋಣೆಗಳು ಖಾಲಿ ಉಳಿದವು. ಪಕ್ಕದ ಕಟ್ಟಡದ ಸಾಹುಕಾರ, ಮನೆಯನ್ನು ಗೋದಾಮು ಮಾಡಿಕೊಳ್ಳುತ್ತೇನೆ, ಕೊಟ್ಟುಬಿಡಿ ಎಂದು ದಿನ ಬಿಟ್ಟು ದಿನ ಬಂದು ಕೂರತೊಡಗಿದ. ಮಂಜು ಕಳೆಯುವವರೆಗೆ ಸಮಯ ಕೊಡಿ, ಆಮೇಲೆ ಒಂದು ಮಾತು ಹೇಳುತ್ತೇನೆ ಎಂದು ದರ್ಜಿ ಅವನನ್ನು ಒಪ್ಪಿಸಿದ್ದ. ಹಾಗಾಗಿಯೇ ಇವತ್ತು ಬರುವ ಅತಿಥಿಯ ಮೇಲೆ ಎಲ್ಲರ ಕಣ್ಣು. ಆಕೆ ವಯಸ್ಸಾದವರನ್ನು ಜೊತೆ ಮಾಡಿಕೊಂಡು ಪ್ರವಾಸ ಕರೆದೊಯ್ಯುವವರು. ತಮ್ಮ ಜನ ಉಳಿಯಲು ದೊಡ್ಡ ಗದ್ದಲವಿಲ್ಲದ ಪುಟ್ಟ ಮನೆ ಹುಡುಕುತ್ತಿದ್ದರು. ಒಪ್ಪಿದರೆ ಮುಂದಿನ ಮಂಜಿನವರೆಗೂ ಕೋಣೆಗಳು ತುಂಬಿರುತ್ತವೆ. ಒಪ್ಪದಿದ್ದರೆ ಉಣ್ಣೆ ಕೋಣೆಯಲ್ಲಿ ಸಾಹುಕಾರನ ಮೂಟೆಗಳು ಮಲಗುತ್ತವೆ.

ವ್ಯಾನಿನ ಹಾರನ್ನು ಮೊದಲು ಕೇಳಿಸಿತು, ವ್ಯಾನು ಆಮೇಲೆ ಕಾಣಿಸಿತು.

ಇಳಿದವರು ಎತ್ತರದ ಹೆಂಗಸು. ತಲೆಗೂದಲು ಹಣ್ಣಾಗಿತ್ತು, ನಡಿಗೆ ಹಣ್ಣಾಗಿರಲಿಲ್ಲ. ಮೈಮೇಲೆ ಬೂದು ಬಣ್ಣದ ದಪ್ಪ ಉಣ್ಣೆಯ ಕೋಟು.

"ನಿಮ್ಮ ಬೋರ್ಡು ಕಾಣಲ್ಲ," ಎಂದರು ಒಳಗೆ ಬರುತ್ತಲೇ.

"ಬೋರ್ಡು ಕಾಣದಿದ್ರೇ ಒಳ್ಳೇದು ಮೇಡಂ," ಎಂದ ಮೈದುನ ಚೀಲ ಇಳಿಸುತ್ತ. "ಕಂಡೋರೆಲ್ಲ ಬಟ್ಟೆ ಹೊಲಿಸೋಕೆ ಬರ್ತಾರೆ."

ಆಕೆ ನಕ್ಕರು. ಮೆಟ್ಟಿಲ ಮರದ ಕೈಹಿಡಿಯನ್ನು ಸವರಿ, ದಿಂಬನ್ನು ಒತ್ತಿ, ಕಿಟಕಿ ತೆರೆದು ಮುಚ್ಚಿ ನೋಡಿದರು. ಹೆಂಡತಿ ಕೊಟ್ಟ ಚಹಾವನ್ನು ಎರಡು ಸಲ ಕೇಳಿ ಕುಡಿದರು. ದರ್ಜಿಯ ಜೀವ ಅರ್ಧ ಹಗುರಾಯಿತು. ಇನ್ನರ್ಧ ಮಾತ್ರ ಬೇರೆಡೆ ಸಿಕ್ಕಿಕೊಂಡಿತ್ತು.

ಕೋಟನ್ನು ಗೂಟಕ್ಕೆ ತಗುಲಿಸುವಾಗ ಅವನು ನೋಡಿಬಿಟ್ಟಿದ್ದ. ಬಲಗಡೆಯ ಜೇಬಿನ ಕೆಳಗಂಚನ್ನು ಯಾರೋ ಹಸಿರು ದಾರದಲ್ಲಿ ಹೊಲಿದಿದ್ದರು. ಬೂದು ಕೋಟಿಗೆ ಹಸಿರು ದಾರ! ಅದೂ ಒಂದು ಹೊಲಿಗೆ ಹೆಬ್ಬೆರಳಷ್ಟು ಉದ್ದ, ಇನ್ನೊಂದು ಅಕ್ಕಿಕಾಳಿನಷ್ಟು. ಕುಡಿದ ಇರುವೆಗಳು ಸಾಲು ಕಟ್ಟಿ ಮನೆಗೆ ಹೊರಟ ಹಾಗೆ ಮೇಲೆ ಕೆಳಗೆ ಓಲಾಡುತ್ತಿತ್ತು. ಅಂಥ ಒಳ್ಳೆಯ ಉಣ್ಣೆಗೆ ಇಂಥ ಗತಿಯೇ ಎಂದುಕೊಂಡ.

ಹೆಂಡತಿಗೆ ಅವನ ಮುಖ ನೋಡಿಯೇ ಗೊತ್ತಾಯಿತು. ಈ ಕಾಯಿಲೆ ಅವಳಿಗೆ ಹೊಸದಲ್ಲ. ಕೋಣೆ ಗುಡಿಸಲು ಹೋದಾಗ ಅತಿಥಿಗಳ ಅಂಗಿಯ ಗುಂಡಿ ಜೋತಾಡುವುದು ಕಂಡರೆ ಅವನು ಬಿಗಿ ಮಾಡಿ ಬರುತ್ತಿದ್ದ. ಹೊಲಿಗೆ ಬಿಟ್ಟ ಮಡಿಕೆ ಕಂಡರೆ ಕೂಡಿಸುತ್ತಿದ್ದ. ಬೇಸಿಗೆಯಲ್ಲಿ ಬಂದಿದ್ದ ಒಬ್ಬ ವಕೀಲರು, ಮನೆಗೆ ಹೋಗಿ ನೋಡಿದರೆ ಕಾಣೆಯಾಗಿದ್ದ ಗುಂಡಿ ಮತ್ತೆ ಮೂಡಿದೆ ಎಂದು ಫೋನು ಮಾಡಿ ಸಂತೋಷಪಟ್ಟಿದ್ದರು. ಅಲ್ಲಿಂದ ಅವನಿಗೆ ರೆಕ್ಕೆ ಬಂದಿತ್ತು.

"ರೀ, ಅದು ಅವರ ಕೋಟು," ಎಂದಳು ಮೆಲ್ಲಗೆ.

"ಗೊತ್ತು."

"ಗೊತ್ತಿದ್ರೆ ಕಣ್ಣು ಆ ಕಡೆ ತಿರುಗಿಸಿ. ಕೇಳದೆ ಬೇರೆಯೋರ ಬಟ್ಟೆಗೆ ಸೂಜಿ ಹಾಕೋದು ಒಳ್ಳೇದಲ್ಲ."

"ಒಳ್ಳೇದು ಮಾಡೋಕೂ ಅಪ್ಪಣೆ ಕೇಳ್ಬೇಕಾ?"

ಅವಳು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ದಿಂಬುಚೀಲಗಳ ಕಡೆ ಹೋದಳು. ಮಧ್ಯಾಹ್ನಕ್ಕೆ ಮಂಜು ಕರಗಿ, ಅಪರೂಪಕ್ಕೆ ಬಿಸಿಲು ಬಂತು. ಅತಿಥಿ ಕೋಟು ಬಿಟ್ಟು, ಶಾಲು ಹೊದ್ದು, ಊರು ನೋಡಲು ವ್ಯಾನು ಹತ್ತಿ ಹೋದರು. ದರ್ಜಿ ಮನೆಯಲ್ಲಿ ಉಳಿದ. ಕೋಟೂ ಉಳಿಯಿತು.

ಅವನು ಕಣ್ಣು ಮುಚ್ಚಿ ಪ್ರಾರ್ಥಿಸಿಯೇ ಕೂತ. ಸದಾ ಅಂಗಿಯ ಕಾಲರಿಗೆ ಚುಚ್ಚಿಟ್ಟುಕೊಳ್ಳುವ ಅಪ್ಪನ ಕಾಲದ ಸೂಜಿಯನ್ನೇ ತೆಗೆದುಕೊಂಡ. ಸವೆದು ನಯವಾದ, ಉಣ್ಣೆಯಲ್ಲಿ ನೀರಿನಂತೆ ಓಡುವ ಸೂಜಿ ಅದು. ಬೇರೆ ಯಾರ ಕೈಗೂ ಅದನ್ನು ಕೊಟ್ಟವನಲ್ಲ. ಹಸಿರು ದಾರದ ಗಂಟು ಬಿಡಿಸಿ ಎಳೆದರೆ ಇಡೀ ದಾರ ಒಂದೇ ಎಳೆಯಾಗಿ ಬಂದುಬಿಟ್ಟಿತು. ಹೊಲಿದವರಿಗೆ ಬಿಗಿಯುವುದೂ ಬರುತ್ತಿರಲಿಲ್ಲ ಪಾಪ! ದಾರವನ್ನು ಕೆಳಗೆ ಉದುರಿಸಿ, ಬೂದು ದಾರ ಪೋಣಿಸಿ, ಹುಡುಕಿದರೂ ಸಿಗದಂಥ ಹೊಲಿಗೆ ಹಾಕಿದ. ಮೇಲೊಮ್ಮೆ ಇಸ್ತ್ರಿ ಎಳೆದರೆ ಹಳೆಯ ತೂತುಗಳೂ ಮುಚ್ಚಿಹೋಗುತ್ತಿದ್ದವು. ಹೆಂಡತಿ ಇಸ್ತ್ರಿಪೆಟ್ಟಿಗೆ ಕೊಡಲಿಲ್ಲ. "ಆ ಕೋಟಿಗೆ ನನ್ನ ಪೆಟ್ಟಿಗೆ ಮುಟ್ಟಿಸಲ್ಲ," ಎಂದು ಹಟ ಹಿಡಿದಳು.

ಸಂಜೆ ಅತಿಥಿ ಖುಷಿಯಾಗಿ ಬಂದರು. ಊರು ಇಷ್ಟವಾಗಿದೆ, ಬೀದಿ ಇಷ್ಟವಾಗಿದೆ, ನಮ್ಮ ಜನರಿಗೆ ಮೆಟ್ಟಿಲೊಂದು ಸ್ವಲ್ಪ ಕಷ್ಟ, ಆದರೂ ನಡೆಯುತ್ತದೆ ಎಂದೆಲ್ಲ ಹೇಳುತ್ತ, ಚಳಿಗೆ ಕೋಟು ತೆಗೆದು ಹಾಕಿಕೊಂಡರು. ಕೈ ಜೇಬಿಗೆ ಹೋಗಲಿಲ್ಲ. ಜೇಬಿನ ಹೊರಗೆ, ಕೆಳಗಂಚಿನ ಮೇಲೆ ಹೋಯಿತು. ಬೆರಳುಗಳು ಅಲ್ಲಿ ಏನನ್ನೋ ಹುಡುಕಿದವು.

"ಇಲ್ಲೊಂದು ಹೊಲಿಗೆ ಇತ್ತು."

"ಇತ್ತಮ್ಮ," ಎಂದ ದರ್ಜಿ, ಮುಖವೆಲ್ಲ ಬೆಳಗುತ್ತ. "ತೆಗೆದುಬಿಟ್ಟೆ. ಈಗ ಭೂತಗನ್ನಡಿ ಹಿಡಿದು ಹುಡುಕಿದ್ರೂ ನಿಮಗೆ ಸಿಗಲ್ಲ."

ಆಕೆ ನಿಧಾನವಾಗಿ ಕುರ್ಚಿಯ ಮೇಲೆ ಕೂತರು. ಬೆರಳು ಇನ್ನೂ ಅಲ್ಲಿಯೇ ಇತ್ತು.

"ನನ್ನ ಯಜಮಾನರು ಹೊಲಿದಿದ್ದು ಅದು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈ ಪಳಗಲಿ, ಏನಾದ್ರೂ ಹೊಲೀರಿ ಅಂತ ಡಾಕ್ಟ್ರು ಹೇಳಿದ್ರು. ಮನೇಲಿದ್ದ ದಾರ ಹಸಿರು. ದಿನಾ ನಾಲ್ಕು ಹೊಲಿಗೆ. ಬೈಕೊಂಡು, ನಕ್ಕೊಂಡು. ಅದು ಮುಗಿದ ಮೇಲೆ ಇನ್ನೇನೂ ಹೊಲಿಯೋಕೆ ಅವರು ಉಳೀಲಿಲ್ಲ."

ಅಷ್ಟು ಹೇಳಿ ಎದ್ದು ಉಣ್ಣೆ ಕೋಣೆಗೆ ಹೋದರು. ಕೂಗಾಡಿದ್ದರೆ ದರ್ಜಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಆಕೆ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡರು. ಆಕೆ ಊಟಕ್ಕೆ ಇಳಿಯಲಿಲ್ಲ. ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬಂದ ಹೆಂಡತಿ, ಗಂಡನ ಎದುರು ಕೂತಳು. ನಾನು ಹೇಳಿರಲಿಲ್ಲವೇ ಎಂದು ಕೇಳುವ ಹಕ್ಕು ಅವಳಿಗೆ ಇತ್ತು. ಅದನ್ನು ಅವಳು ಬಳಸಲಿಲ್ಲ.

"ಮನೆ ಹೋಯ್ತು ಬಿಡೇ," ಎಂದ ಅವನು. "ಮನೆ ಹೋದ್ರೆ ಹೋಗ್ಲಿ, ನಿನ್ನ ಅಡುಗೆಮನೆ ಮಾರಿಸಿ ಕರ್ಕೊಂಡು ಬಂದೆನಲ್ಲ. ಅದೂ ಇರ್ಲಿ. ಆ ಮನುಷ್ಯ ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಒಂದೇ ಎಳೆತಕ್ಕೆ ಕಿತ್ತುಹಾಕಿದೆ. ಪ್ರಾರ್ಥನೆ ಬೇರೆ ಮಾಡಿ ಕಿತ್ತೆ."

ಅವಳು ಸೆರಗಿನ ಗಂಟು ಬಿಚ್ಚಿ, ಒಂದು ಹಳೆಯ ಗುಂಡಿಯನ್ನು ಮೇಜಿನ ಮೇಲಿಟ್ಟಳು. ಅವನು ಕೆಳಗೆ ಉದುರಿಸಿದ್ದ ಹಸಿರು ದಾರ ಗುಂಡಿಗೆ ಸುತ್ತಿಕೊಂಡಿತ್ತು. ಗೇಣುದ್ದಕ್ಕಿಂತ ಹೆಚ್ಚಿರುವ ದಾರವನ್ನು ಅವಳು ಯಾವತ್ತೂ ಕಸಕ್ಕೆ ಹಾಕಿದವಳಲ್ಲ. ಅಂಗಡಿಯ ಕಾಲದಲ್ಲಿ ಅವನು ಅದನ್ನೇ ಎಷ್ಟು ಆಡಿಕೊಂಡಿದ್ದ! ಈಗ ಆ ಗುಂಡಿಯನ್ನು ಮುಟ್ಟಲೂ ಅವನಿಗೆ ಭಯವಾಯಿತು.

ಬೆಳಗಾಗುತ್ತಲೇ ಅವನು ಬಾಗಿಲು ತಟ್ಟಿ, "ಕೋಟು ಒಂದು ಗಳಿಗೆ ಕೊಡ್ತೀರಾ ಅಮ್ಮ?" ಎಂದು ಕೇಳಿ ಇಸಿದುಕೊಂಡ. ಅತಿಥಿಯ ಬಟ್ಟೆಗೆ ಅವನು ಕೇಳಿ ಕೈ ಹಾಕಿದ್ದು ಅದೇ ಮೊದಲು. ತನ್ನ ನಾಜೂಕು ಹೊಲಿಗೆಯನ್ನು ತಾನೇ ಬಿಚ್ಚಿದ. ಹಳೆಯ ಹಾದಿಯಲ್ಲೇ ಹಸಿರು ದಾರ ಓಡಿಸಿದರಾಯಿತು ಎಂದುಕೊಂಡು, ಮೊದಲು ಹಳೆಯ ಚಿಂದಿಯ ಮೇಲೆ ಓರೆಕೋರೆ ಹೊಲಿಯಲು ನೋಡಿದ. ಆಗಲಿಲ್ಲ. ವರ್ಷಗಟ್ಟಲೆ ನೇರ ಹೋದ ಕೈ, ಎಷ್ಟು ಬೇಡವೆಂದರೂ ನೇರವೇ ಹೋಗುತ್ತಿತ್ತು.

"ನೋಡೇ, ಕೆಟ್ಟದಾಗಿ ಹೊಲಿಯೋಕೂ ಬರಲ್ಲ ನನಗೆ!"

"ಅದಕ್ಕೂ ಭಾಗ್ಯ ಬೇಕು," ಎಂದಳು ಅವಳು. ನಗುವೂ ಅಳುವೂ ಒಟ್ಟಿಗೆ ಬಂದು ಬಾಯಿಗೆ ಸೆರಗು ಹಿಡಿದುಕೊಂಡಳು.

ಅತಿಥಿ ಚೀಲ ಕಟ್ಟಿಕೊಂಡು ಇಳಿದು ಬಂದಾಗ, ದರ್ಜಿ ಕೋಟು ಹಿಡಿದು ಕಿಟಕಿಯ ಬಳಿ ನಿಂತಿದ್ದ. ಜೇಬು ಅರ್ಧ ಬಿಚ್ಚಿ ನೇತಾಡುತ್ತಿತ್ತು. ಮಂಜಿನೊಳಗಿನಿಂದ ಬಿಸಿಲು ಇನ್ನೂ ಹಾಲಿನ ಹಾಗೆ ಬರುತ್ತಿತ್ತು.

"ಅಮ್ಮ, ನಿಮ್ಮ ಯಜಮಾನರ ಕೈ ನನಗೆ ಬರಲ್ಲ. ಬಂದ್ರೂ ಅದು ನಕಲು. ಆದ್ರೆ ಇಲ್ನೋಡಿ."

ಅವನು ಜೇಬನ್ನು ಬೆಳಕಿಗೆ ಹಿಡಿದ. ಉಣ್ಣೆಯಲ್ಲಿ ಸೂಜಿ ಹೋಗಿದ್ದ ಜಾಗಗಳು ಒಂದೊಂದಾಗಿ ಹೊಳೆದವು. ಒಂದು ಮೇಲೆ, ಒಂದು ಕೆಳಗೆ, ಎರಡು ಹತ್ತಿರ ಹತ್ತಿರ, ಮತ್ತೊಂದು ಎಲ್ಲೋ ದೂರ. ಇಸ್ತ್ರಿ ಬೀಳದ್ದರಿಂದ ಯಾವುದೂ ಮುಚ್ಚಿರಲಿಲ್ಲ.

"ಅವರು ಹೋದ ದಾರಿ ಹಾಗೇ ಇದೆ. ದಾರಾನೂ ಇದೆ. ಹೊಲಿಯೋದಿದ್ರೆ ನೀವೇ ಹೊಲೀಬೇಕು."

"ನನಗೆ ಹೊಲಿಗೆ ಬರಲ್ಲ," ಎಂದರು ಆಕೆ.

"ಅದೇ ಒಳ್ಳೇದು," ಎಂದುಬಿಟ್ಟಳು ಹೆಂಡತಿ.

ಆಕೆಯ ಮುಖದಲ್ಲಿ ಹಿಂದಿನ ಸಂಜೆಯ ನಂತರ ಮೊದಲ ಸಲ ಏನೋ ಸಡಿಲವಾಯಿತು. ಚೀಲ ಕೆಳಗಿಟ್ಟು ಕೂತರು. ಹೆಂಡತಿ ಹಸಿರು ದಾರ ಪೋಣಿಸಿದಳು. ದರ್ಜಿ ಅಪ್ಪನ ಸೂಜಿಯನ್ನು ಆಕೆಯ ಕೈಗೆ ಕೊಟ್ಟು, ತಾನು ನೆಲದ ಮೇಲೆ ಕೂತು, ಬೆಳಕು ಸರಿಯಾಗಿ ಬೀಳುವಂತೆ ಕೋಟನ್ನು ಎತ್ತಿ ಹಿಡಿದ. ಸೂಜಿ ಒಂದು ತೂತಿನಿಂದ ಇನ್ನೊಂದಕ್ಕೆ ತಡವರಿಸುತ್ತ ಹೊರಟಿತು.

"ಇಲ್ಲಿ ಎಷ್ಟು ದೂರ ಹಾರಿಬಿಟ್ಟಿದ್ದಾರೆ ನೋಡಿ," ಎಂದರು ಆಕೆ ಒಂದು ಕಡೆ. "ಅವತ್ತು ಯಾರೋ ನೆಂಟರು ಬಂದಿದ್ರು. ಬೇಗ ಮುಗಿಸಿ ಏಳ್ಬೇಕು ಅಂತ ಅವಸರ." ಮತ್ತೊಂದು ಕಡೆ ಸೂಜಿ ನಿಲ್ಲಿಸಿ, ತೂತುಗಳು ಒತ್ತೊತ್ತಾಗಿದ್ದಲ್ಲಿ ಬೆರಳಿಟ್ಟರು. "ಇದು ಒಳ್ಳೆ ದಿನ." ದರ್ಜಿ ಕೋಟನ್ನು ಇನ್ನಷ್ಟು ಬೆಳಕಿಗೆ ತಿರುಗಿಸಿದ. ದೇವರ ಮುಂದೆ ಕೂತಾಗಲೂ ಅವನ ಮನಸ್ಸು ಅಷ್ಟು ಅಲುಗದೆ ಕೂತದ್ದು ಕಡಿಮೆ.

ಜೇಬಿನ ಅರ್ಧ ಆಗಿತ್ತು. ಹೊರಗೆ ವ್ಯಾನಿನ ಹಾರನ್ನು ಬಡಿದುಕೊಂಡಿತು.

"ಮೇಡಂ, ರೈಲು! ಈ ಮಂಜಲ್ಲಿ ನಾನು ಹಾರ್ಕೊಂಡು ಹೋಗೋಕಾಗಲ್ಲ!" ಎಂದು ಮೈದುನ ಕೂಗಿದ.

ಆಕೆ ಗಡಿಬಿಡಿಯಲ್ಲಿ ಎದ್ದು, ಸೂಜಿಯನ್ನು ದಾರದ ಸಮೇತ ಕೋಟಿನ ಕೊರಳಪಟ್ಟಿಯ ಒಳಗೆ ಚುಚ್ಚಿ, ಚೀಲ ಎತ್ತಿಕೊಂಡರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ವ್ಯಾನು ಮಂಜಿನೊಳಗೆ ಹೋಯಿತು.

"ರೀ, ಮಾವನೋರ ಸೂಜಿ!" ಎಂದಳು ಹೆಂಡತಿ. "ಓಡಿ, ಇನ್ನೂ ತಿರುವಿನಲ್ಲೇ ಇರ್ತಾರೆ."

"ಹೋಗ್ಲಿ ಬಿಡು. ಅರ್ಧ ಹೊಲಿಗೇಲಿ ಸೂಜಿ ಕಿತ್ಕೊಳ್ಳೋಕಾಗುತ್ತಾ?"

ಅವನು ಹಾಗೆಂದನಾದರೂ ದಿನಕ್ಕೆ ಎಷ್ಟೋ ಸಲ ಕೈ ಅಂಗಿಯ ಕಾಲರಿಗೆ ಹೋಗಿ, ಸೂಜಿಯಿಲ್ಲದ ಜಾಗ ಸವರಿ ಬರುತ್ತಿತ್ತು. ಆಕೆಯ ಬೆರಳು ಜೇಬಿನ ಅಂಚಿನಲ್ಲಿ ಹುಡುಕಿದ್ದು ಆಗೆಲ್ಲ ನೆನಪಾಗುತ್ತಿತ್ತು. ಕೋಣೆ ಗುಡಿಸುವುದನ್ನು ಅವನು ಬಿಡಲಿಲ್ಲ. ಖಾಲಿ ಕೋಣೆಯ ಹಾಸಿಗೆಯನ್ನೂ ದಿನವೂ ಕೊಡವಿ ಹಾಸಿದ. ಅಪರೂಪಕ್ಕೆ ಬಂದ ಒಬ್ಬ ಔಷಧ ಮಾರುವವನ ತೋಳಿನ ಗುಂಡಿ ಜೋತಾಡುತ್ತಿತ್ತು. ದರ್ಜಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಸ್ವಾಮಿ, ಇದು ಹೀಗೇ ಇರಬೇಕೋ, ಹೊಲೀಲೋ?" ಎಂದು ಕೇಳಿದ. ಬಂದವನು ಕಕ್ಕಾಬಿಕ್ಕಿಯಾಗಿ, ಹೊಲೀರಿ ಎಂದ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ನಕ್ಕಿದ್ದು ದರ್ಜಿಗೆ ಕೇಳಿಸಿತು.

ಮಂಜು ತೆಳುವಾಗುತ್ತ ಬಂತು. ಒಂದು ಬೆಳಿಗ್ಗೆ ಬೋರ್ಡಿನ ಅಕ್ಷರಗಳೆಲ್ಲ ಬೀದಿಯ ತುದಿಯಿಂದಲೇ ಕಂಡವು. ಅಂದೇ ಸಾಹುಕಾರ ಅಳತೆ ಟೇಪು ಹಿಡಿದು ಬಂದ.

"ಮೂಟೆ ಎಷ್ಟು ಹಿಡಿಸುತ್ತೆ ನೋಡ್ಬೇಕು. ಈ ತುದಿ ಸ್ವಲ್ಪ ಹಿಡ್ಕೊಳ್ಳಿ."

ದರ್ಜಿ ಹಿಡಿದುಕೊಂಡ. ಉಣ್ಣೆ ಕೋಣೆಯ ಗೋಡೆಯಿಂದ ಗೋಡೆಗೆ ಟೇಪು ಜೋಲುಬಿದ್ದಿತ್ತು.

"ಬಿಗಿ ಹಿಡೀರಿ ಸಾಹುಕಾರ್ರೆ. ಜೋಲುಬಿದ್ರೆ ಅಳತೆ ತಪ್ಪುತ್ತೆ," ಎಂದ ಅವನು, ಅಭ್ಯಾಸಬಲದಿಂದ. ಆಮೇಲೆ ತಾನು ಯಾವುದರ ಅಳತೆಗೆ ನೆರವಾಗುತ್ತಿದ್ದೇನೆಂದು ಹೊಳೆಯಿತು. ಮಂಜು ಕಳೆದ ಮೇಲೆ ಹೇಳುತ್ತೇನೆಂದಿದ್ದ ಮಾತು ಬಾಯಿಯ ತನಕ ಬಂದಿತ್ತು. ಕಣ್ಣು ಮುಚ್ಚಿ ಒಂದು ಉಸಿರೆಳೆದುಕೊಂಡ.

ಆ ಉಸಿರು ಬಿಡುವ ಮುಂಚೆ ಕೆಳಗೆ ಮೈದುನನ ದನಿ ಮನೆಯನ್ನೇ ನಡುಗಿಸಿತು. "ಅಕ್ಕಾ! ಎಲ್ಲಾ ಕೋಣೆಗೂ ಹೊದಿಕೆ ತೆಗಿ! ಆ ಕೋಟಿನ ಮೇಡಂ ಈಗ ಫೋನ್ ಮಾಡಿದ್ರು. ನಾಡಿದ್ದು ಅಷ್ಟೂ ಜನ ಬರ್ತಾರಂತೆ. ಆಮೇಲೆ ತಿಂಗಳು ತಿಂಗಳೂ ಬರ್ತಾರಂತೆ!"

ಟೇಪಿನ ಒಂದು ತುದಿ ದರ್ಜಿಯ ಕೈಯಿಂದ ಜಾರಿ, ಸರ್ರನೆ ಓಡಿ ಸಾಹುಕಾರನ ಕೈಗೆ ಬಡಿಯಿತು.

"ಕ್ಷಮಿಸಿ," ಎಂದ ದರ್ಜಿ. "ಈ ಕೋಣೇಲಿ ಜಾಗ ಇಲ್ಲ."

ಅವರು ಬಂದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಊರುಗೋಲು, ಟೋಪಿ, ಔಷಧದ ಡಬ್ಬಿ, ಕೆಮ್ಮು, ನಗು ಎಲ್ಲವೂ ವ್ಯಾನಿನಿಂದ ಒಂದರ ಹಿಂದೊಂದು ಇಳಿದವು. "ಮೆಟ್ಟಿಲು ಎಷ್ಟು ಕಡಿದಪ್ಪಾ!" ಎಂದು ಒಬ್ಬಜ್ಜ ಗೊಣಗಿದರೆ, ಅವರ ಹಿಂದಿನ ಅಜ್ಜಿ, "ಏರಿ ಏರಿ, ಮೇಲೆ ಹೋಗೋ ಅಭ್ಯಾಸ ಈಗಿಂದ್ಲೇ ಆಗ್ಲಿ," ಎಂದು ಕೀಟಲೆ ಮಾಡಿದರು. ಹೆಂಡತಿ ಚಹಾದ ತಟ್ಟೆ ಹಿಡಿದು ಎಲ್ಲರನ್ನೂ ದಾಟುತ್ತಿದ್ದಳು. ಈ ಮನೆಗೆ ಬಂದ ಮೇಲೆ ಅವಳು ಹಾಡು ಗುನುಗಿದ್ದು ಅಂದೇ.

ಕೊನೆಯಲ್ಲಿ ಆಕೆ ಬಂದರು. ಬಿಸಿಲಿದ್ದರೂ ಅದೇ ಬೂದು ಕೋಟು. ಜೇಬಿನ ಕೆಳಗಂಚಿನ ಉದ್ದಕ್ಕೂ ಹಸಿರು ದಾರ ಮೇಲೆ ಕೆಳಗೆ ಓಲಾಡುತ್ತ, ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು. ದರ್ಜಿ ಒಮ್ಮೆ ನೋಡಿ, ಬೇಗ ಕಣ್ಣು ತಗ್ಗಿಸಿದ.

"ಉಣ್ಣೆ ಕೋಣೆ ನನಗೇ ತಾನೆ?"

"ನಿಮಗೇ ಅಮ್ಮ."

"ಮುಂದೆ ಹೋದ್ರಲ್ಲ ಆ ಅಜ್ಜ, ಅವರ ಅಂಗೀಲಿ ಎರಡು ಗುಂಡಿ ಇಲ್ಲ. ಹಾಕ್ಕೊಡಿ." ಸ್ವಲ್ಪ ತಡೆದು ಹೇಳಿದರು. "ಕೇಳಿ ಹಾಕಿ."

"ಕೇಳಿಯೇ ಹಾಕ್ತೀನಮ್ಮ."

ಎಲ್ಲರೂ ಮೆಟ್ಟಿಲೇರಿದ ಮೇಲೆ ಆಕೆ ಕೋಟಿನ ಕೊರಳಪಟ್ಟಿಯನ್ನು ಮಗುಚಿ, ಒಳಗಿನಿಂದ ಸೂಜಿಯನ್ನು ಎಳೆದರು. ಅದರ ಕಣ್ಣಿನಲ್ಲಿ ಬೆರಳುದ್ದದ ಹಸಿರು ದಾರ ಇನ್ನೂ ಉಳಿದಿತ್ತು. ಅದನ್ನು ತೆಗೆಯದೆ, ಸೂಜಿಯನ್ನು ಅವನ ಅಂಗೈ ಮೇಲೆ ಇಟ್ಟರು.